ಖಾಲಿ ಡಬ್ಬಿಯಲ್ಲಿ ಉಳಿಯುವ ವಿಷ

ನಮ್ಮ ಹಳ್ಳಿಯ ಮನೆಗಳಲ್ಲಿ ಯಾವ ವಸ್ತುವನ್ನೂ ಸುಮ್ಮನೆ ಎಸೆಯುವ ರೂಢಿಯಿಲ್ಲ. ಹರಿದ ಸೀರೆ ಕೌದಿಯಾಗುತ್ತದೆ, ತಳ ಒಡೆದ ಕೊಡ ತುಳಸಿಗೆ ಕುಂಡವಾಗುತ್ತದೆ, ಎಣ್ಣೆಯ ತಗಡಿನ ಡಬ್ಬ ಅಕ್ಕಿ ತುಂಬಲು ಬರುತ್ತದೆ. ಇದು ಮೆಚ್ಚತಕ್ಕ ಗುಣವೇ ಸರಿ. ಆದರೆ ಇದೇ ಗುಣದಿಂದ ಮನೆಗೆ ಕೇಡು ಬರುವ ಒಂದು ಸಂದರ್ಭವುಂಟು. ಬೆಳೆಗೆ ಸಿಂಪಡಿಸುವ ಕೀಟನಾಶಕ, ಆಸಿಡ್, ಬಣ್ಣ ಮುಂತಾದ ರಾಸಾಯನಿಕಗಳು ತುಂಬಿ ಬಂದ ಡಬ್ಬಿ ಬಕೆಟ್ಟುಗಳನ್ನು ತೊಳೆದು, ನೀರಿಗೋ ಮಜ್ಜಿಗೆಗೋ ಬಳಸುವುದೇ ಆ ಸಂದರ್ಭ. ಯಾವ ಪಾತ್ರೆಯನ್ನು ತೊಳೆದು ಬಳಸಬಹುದು, ಯಾವುದನ್ನು ಎಷ್ಟು ತೊಳೆದರೂ ಬಳಸಕೂಡದು ಎಂಬುದನ್ನು ಗಂಡಹೆಂಡಿರಿಬ್ಬರೂ ಕೂಡಿ ತಿಳಿದುಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ. ಇಬ್ಬರೂ ಎಂದು ಏಕೆ ಒತ್ತಿ ಹೇಳುತ್ತಿರುವೆನೆಂಬುದು ಮುಂದಿನ ಪ್ರಸಂಗದಿಂದ ತಮಗೆ ತಿಳಿದೀತು.

ನಾನು ಕೆಲಸ ಮಾಡುವ ಪ್ರಾಥಮಿಕ ಆರೋಗ್ಯ ಕೇಂದ್ರವು ಹತ್ತಿ ಬೆಳೆಯುವ ಸೀಮೆಯಲ್ಲಿದೆ. ಒಂದು ಮಧ್ಯಾಹ್ನ ನಾಲ್ಕು ವರ್ಷದ ಗಂಡುಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತಂದೆ ಓಡಿಬಂದನು. ಹಿಂದೆಯೇ ತಾಯಿ. ಮಗುವಿನ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೈಯೆಲ್ಲ ಬೆವರಿ ಅಂಗಿ ಒದ್ದೆಯಾಗಿತ್ತು. ಉಸಿರಾಡುವಾಗ ಎದೆಯೊಳಗೆ ಗೊರಗೊರ ಶಬ್ದ. ರೆಪ್ಪೆ ಬಿಡಿಸಿ ನೋಡಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಕುಗ್ಗಿತ್ತು. ಇವೆಲ್ಲವೂ ಕೀಟನಾಶಕ ವಿಷದ ಲಕ್ಷಣಗಳು. "ಮಗು ಏನು ಕುಡಿಯಿತು?" ಎಂದು ಕೇಳಿದೆ. "ಮಜ್ಜಿಗೆ ಬಿಟ್ಟರೆ ಬೇರೇನೂ ಕುಡಿದಿಲ್ಲ ಸಾಹೇಬರೇ" ಎಂದಳು ತಾಯಿ.

ಮಜ್ಜಿಗೆಯನ್ನು ಹೊಲಕ್ಕೆ ಒಯ್ದದ್ದು ಐದು ಲೀಟರಿನ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬಚ್ಚಲುಮನೆಯ ಹಿಂದೆ ಬಿದ್ದಿದ್ದ ಆ ಡಬ್ಬಿಗೆ ಚೀಟಿ ಇರಲಿಲ್ಲ, ಮಳೆಗೆ ಕಿತ್ತುಹೋಗಿತ್ತು. ಗಟ್ಟಿಯಾದ ಮುಚ್ಚಳ, ಹಿಡಿಯಲು ಒಳ್ಳೆಯ ಹಿಡಿ. ಆಕೆ ಅದನ್ನು ಬೂದಿ ಹಾಕಿ ಉಜ್ಜಿ, ಸಾಬೂನಿನಿಂದ ತೊಳೆದು, ಮೂರು ದಿನ ಬಿಸಿಲಿಗೆ ಇಟ್ಟಿದ್ದಳು. ಮೂಸಿ ನೋಡಿದಾಗ ವಾಸನೆಯೂ ಇರಲಿಲ್ಲವಂತೆ. ಇಷ್ಟು ಎಚ್ಚರಿಕೆ ವಹಿಸಿದವಳನ್ನು ಅಜಾಗರೂಕಳೆಂದು ಹೇಗೆ ಕರೆಯಲಿ? ಡಬ್ಬಿಯಲ್ಲಿ ಏನಿತ್ತೆಂಬುದು ಗಂಡನಿಗೆ ಗೊತ್ತಿತ್ತು. ಹಿಂದಿನ ವರ್ಷ ಹತ್ತಿಗೆ ಹೊಡೆದ ಕೀಟನಾಶಕ ಅದರಲ್ಲಿತ್ತು. ಡಬ್ಬಿಯನ್ನು ಹೆಂಡತಿ ಎತ್ತಿಟ್ಟುಕೊಂಡದ್ದು ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಡಬ್ಬಿ ಗೊತ್ತಿತ್ತು, ಅದರ ಪೂರ್ವಚರಿತ್ರೆ ಗೊತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ ಡಬ್ಬಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು, ಮಾತು ಮಾತ್ರ ಹೋಗಲಿಲ್ಲ.

ಮಗುವಿಗೆ ಅಟ್ರೋಪಿನ್ ಚುಚ್ಚುಮದ್ದು ಕೊಟ್ಟು, ಬಟ್ಟೆ ಬಿಚ್ಚಿ ಮೈ ತೊಳೆಸಿ, 108ರ ವಾಹನದಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ಒಂಬತ್ತು ದಿನಗಳ ಮೇಲೆ ಅದು ನಡೆದುಕೊಂಡು ಮನೆಗೆ ಬಂದಿತು. ಅದೇ ಮಜ್ಜಿಗೆ ಕುಡಿದ ದೊಡ್ಡವರಿಗೆ ಏನೂ ಆಗದೆ ಮಗುವಿಗೇ ಏಕಾಯಿತೆಂಬ ಪ್ರಶ್ನೆ ನನ್ನನ್ನು ಕಾಡಿತು. ಆ ಡಬ್ಬಿಯನ್ನು ತರಿಸಿ, ಕೈಗೆ ಚೀಲ ಕಟ್ಟಿಕೊಂಡು, ಹಿಡಿಯನ್ನು ಗರಗಸದಿಂದ ಕೊಯ್ಯಿಸಿ ನೋಡಿದೆ. ಹಿಡಿ ಟೊಳ್ಳು. ಅದರ ಒಳಮೂಲೆಯಲ್ಲಿ ಹಳದಿ ಬಣ್ಣದ ಅಂಟು ಇನ್ನೂ ಕುಳಿತಿತ್ತು. ಅರ್ಧ ಡಬ್ಬಿ ಮಜ್ಜಿಗೆ ತುಂಬಿದಾಗ ಅದು ಹಿಡಿಯವರೆಗೆ ಏರಲಿಲ್ಲ. ತಳದಲ್ಲಿ ಉಳಿದುದನ್ನು ಮಗುವಿಗೆಂದು ಡಬ್ಬಿಯನ್ನು ಪೂರ್ತಿ ಬಗ್ಗಿಸಿದಾಗ ಮಜ್ಜಿಗೆ ಹಿಡಿಯೊಳಗೆ ಹೊಕ್ಕು, ಅಲ್ಲಿದ್ದುದನ್ನು ತೊಳೆದುಕೊಂಡು ಲೋಟಕ್ಕೆ ಬಂದಿರಬೇಕು. ಯಾವ ಬೂದಿಯೂ ಯಾವ ನಾರೂ ಆ ಟೊಳ್ಳಿನೊಳಗೆ ಹೋಗಲಾರದು.

ತೊಳೆದರೂ ವಿಷ ಹೋಗದಿರುವುದಕ್ಕೆ ಹಿಡಿಯೊಂದೇ ಕಾರಣವಲ್ಲ. ಮುಚ್ಚಳದ ತಿರುಪಿನ ಸಂದುಗಳಲ್ಲಿ, ಮುಚ್ಚಳದೊಳಗಿನ ಬಿಲ್ಲೆಯ ಹಿಂದೆ ಸಹ ಅದು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ಪ್ಲಾಸ್ಟಿಕ್ಕಿನ ಗೋಡೆಯೇ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಹೀರಿಕೊಳ್ಳುತ್ತದೆ. ಇದಕ್ಕೆ ತಮ್ಮ ಅಡುಗೆಮನೆಯಲ್ಲೇ ಸಾಕ್ಷಿಯುಂಟು. ಉಪ್ಪಿನಕಾಯಿ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ಬಾರಿ ತೊಳೆದರೂ ಅದರ ವಾಸನೆ ಬಿಡುವುದಿಲ್ಲ. ಎಣ್ಣೆಯ ಬಣ್ಣವೂ ಹೋಗುವುದಿಲ್ಲ. ಉಪ್ಪಿನಕಾಯಿಯ ಎಣ್ಣೆ ಒಳಹೊಕ್ಕಂತೆಯೇ ಕೀಟನಾಶಕವೂ ಒಳಹೋಗುತ್ತದೆ. ಅನೇಕ ಕೀಟನಾಶಕಗಳನ್ನು ಸೀಮೆಎಣ್ಣೆಯಂತಹ ದ್ರಾವಕಗಳಲ್ಲಿ ಕರಗಿಸಿ ತುಂಬಿರುತ್ತಾರಾದ್ದರಿಂದ ಒಳಹೋಗುವುದು ಇನ್ನೂ ಸುಲಭ. ಹಾಗೆ ಹೊಕ್ಕ ವಿಷವು ಮುಂದೆ ಆ ಡಬ್ಬಿಯಲ್ಲಿ ಇಟ್ಟ ಪದಾರ್ಥಕ್ಕೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಅಡುಗೆ ಎಣ್ಣೆ, ತುಪ್ಪ, ಮಜ್ಜಿಗೆ, ಹಾಲುಗಳಂತಹ ಜಿಡ್ಡಿನ ಪದಾರ್ಥಗಳಿಗೆ ನೀರಿಗಿಂತ ಹೆಚ್ಚಾಗಿ ಇಳಿಯುತ್ತದೆ.

ತೊಳೆದ ನೀರು ತಿಳಿಯಾಯಿತೆಂದರೆ ಡಬ್ಬಿ ಶುದ್ಧವಾಯಿತೆಂದು ಕೆಲವರು ನಂಬಿರುವರು. ಕೀಟನಾಶಕ ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುವುದನ್ನು ರೈತರೆಲ್ಲರೂ ಬಲ್ಲರು. ಬಿಳುಪು ಕಾಣದಂತಾದರೆ ವಿಷವೂ ಇಲ್ಲವೆಂಬುದು ಅವರ ಲೆಕ್ಕ. ಕಣ್ಣಿಗೆ ಕಾಣದಷ್ಟು ತೆಳುವಾದ ವಿಷವೂ ಚಿಕ್ಕ ಮಗುವಿನ ಮೈಗೆ ಹೆಚ್ಚೇ. ವಾಸನೆಯನ್ನೂ ನಂಬಕೂಡದು. ಕೆಲವು ವಿಷಗಳಿಗೆ ವಾಸನೆಯೇ ಇಲ್ಲ, ಮತ್ತೆ ಕೆಲವಕ್ಕೆ ಕಂಪನಿಯವರು ಬೆರೆಸಿದ ದ್ರಾವಕದ ವಾಸನೆಯೇ ಹೊರತು ವಿಷದ್ದಲ್ಲ. ಬಿಸಿಲಿನಲ್ಲಿ ದ್ರಾವಕ ಆರಿಹೋಗುತ್ತದೆ, ವಿಷ ಉಳಿಯುತ್ತದೆ.

ಇನ್ನೊಂದು ಮಾತು. ನಮ್ಮ ಕಡೆ ಕೀಟನಾಶಕವನ್ನು 'ಔಷಧಿ' ಎಂದೂ, 'ಎಣ್ಣೆ' ಎಂದೂ ಕರೆಯುವ ವಾಡಿಕೆಯಿದೆ. ಔಷಧಿ ಕೊಡುವ ಕೆಲಸದವನಾದ ನನಗೆ ಈ ಹೆಸರು ಕೇಳಿದಾಗಲೆಲ್ಲ ಕಸಿವಿಸಿಯಾಗುತ್ತದೆ. ಔಷಧಿಯ ಡಬ್ಬಿ, ಎಣ್ಣೆಯ ಡಬ್ಬಿ ಎಂದರೆ ಮಕ್ಕಳೇಕೆ ಹೆದರಬೇಕು? ಮನೆಯೊಳಗಾದರೂ ಅದನ್ನು ವಿಷವೆಂದೇ ಕರೆಯಿರಿ.

ಡಬ್ಬಿಯ ಚೀಟಿಯ ಮೇಲೆ ವಜ್ರಾಕಾರದ ಒಂದು ಗುರುತು ಇರುತ್ತದೆ. ಅಕ್ಷರ ಬಾರದವರೂ ಅದನ್ನು ಓದಬಹುದು. ಅದರ ಕೆಳಭಾಗದ ಬಣ್ಣ ಕೆಂಪಾಗಿದ್ದರೆ ಅತಿ ಹೆಚ್ಚು ವಿಷ, ಹಳದಿಯಾಗಿದ್ದರೆ ಹೆಚ್ಚು ವಿಷ, ನೀಲಿಯಾಗಿದ್ದರೆ ಮಧ್ಯಮ, ಹಸಿರಾಗಿದ್ದರೆ ಅಲ್ಪ. ಕೆಂಪು ಗುರುತಿನ ಮೇಲ್ಭಾಗದಲ್ಲಿ ತಲೆಬುರುಡೆ ಮತ್ತು ಎಲುಬುಗಳ ಚಿತ್ರವೂ ಇರುತ್ತದೆ. ಹಸಿರೆಂದರೆ ನಿರಪಾಯವೆಂದು ತಿಳಿಯಬಾರದು. ನಾಲ್ಕು ಬಣ್ಣಗಳಲ್ಲಿ ಯಾವುದಿದ್ದರೂ ಆ ಡಬ್ಬಿ ಅಡುಗೆಮನೆಗೆ, ಬಚ್ಚಲಿಗೆ, ದನದ ಕೊಟ್ಟಿಗೆಗೆ ಬರಕೂಡದು. ಇದಕ್ಕೆ ವಿನಾಯಿತಿಯೇ ಇಲ್ಲ.

ಇದು ಎಲ್ಲೋ ಒಂದು ಮನೆಯಲ್ಲಿ ನಡೆಯುವ ಅಪರೂಪದ ಸಂಗತಿಯೆಂದು ಭಾವಿಸಬೇಡಿ. 1958ರಲ್ಲಿ ಕೇರಳದಲ್ಲಿ, ಸಾಗಣೆಯ ಕಾಲದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಆಹಾರಪದಾರ್ಥಗಳಿಗೆ ತಗುಲಿ, ಅದನ್ನು ತಿಂದ ನೂರಕ್ಕೂ ಹೆಚ್ಚು ಜನ ಮಡಿದರು. ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯಿದೆ ಬರಲು ಆ ದುರಂತವೂ ಒಂದು ಕಾರಣ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವಿದ್ದುದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡುಬಂದಿತು. ಎಣ್ಣೆಯನ್ನು ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಇಟ್ಟಿದ್ದರೆಂದು ಆಗ ವರದಿಗಳು ಬಂದವು.

ಅಟ್ಟದ ಮೇಲಿನ ಹಳೆಯ ಡಬ್ಬಿಗಳನ್ನೂ ಒಮ್ಮೆ ಇಳಿಸಿ ನೋಡಿರಿ. ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ಸುಪ್ರೀಂ ಕೋರ್ಟು 2011ರಲ್ಲಿಯೇ ತಡೆಯಿತು. ಆದರೆ ಅಂಗಡಿಯಲ್ಲಿ ಮಾರಾಟ ನಿಂತ ಮಾತ್ರಕ್ಕೆ ಅಟ್ಟದ ಮೇಲಿನ ಡಬ್ಬಿ ತಾನಾಗಿ ಇಳಿದುಹೋಗುವುದಿಲ್ಲ.

ಹಾಗಾದರೆ ಖಾಲಿಯಾದ ಕೀಟನಾಶಕದ ಡಬ್ಬಿಯನ್ನು ಏನು ಮಾಡಬೇಕು? ಅದನ್ನು ತೊಳೆಯಲೇಬೇಕು, ಆದರೆ ಬಳಸುವುದಕ್ಕಾಗಿ ಅಲ್ಲ. ಸಿಂಪರಣೆಗೆ ದ್ರಾವಣ ಬೆರೆಸುವಾಗಲೇ, ಹೊಲದಲ್ಲಿಯೇ ಈ ಕೆಲಸ ಮುಗಿಯಬೇಕು. ಡಬ್ಬಿಯನ್ನು ಪಂಪಿನ ಟ್ಯಾಂಕಿಗೆ ಬಗ್ಗಿಸಿ, ಹನಿ ಬೀಳುವುದು ನಿಂತ ಮೇಲೂ ಅರ್ಧ ನಿಮಿಷ ಹಾಗೆಯೇ ಹಿಡಿಯಿರಿ. ನಂತರ ಕಾಲುಭಾಗ ನೀರು ತುಂಬಿ, ಮುಚ್ಚಳ ಬಿಗಿಮಾಡಿ, ಅರ್ಧ ನಿಮಿಷ ಚೆನ್ನಾಗಿ ಕುಲುಕಿ, ಆ ನೀರನ್ನು ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಬಾರಿ. ದುಡ್ಡು ಕೊಟ್ಟು ತಂದ ಕೀಟನಾಶಕ ಕೊನೆಯ ಹನಿಯವರೆಗೂ ಬೆಳೆಗೆ ಬೀಳುತ್ತದೆ. ತೊಳೆದ ನೀರು ಕೆರೆಗೋ ಬಾವಿಗೋ ಕಾಲುವೆಗೋ ಸೇರುವುದಿಲ್ಲ. ತರುವಾಯ ಮೊಳೆಯಿಂದಲೋ ಕುಡುಗೋಲಿನ ತುದಿಯಿಂದಲೋ ತಳದಲ್ಲಿಯೂ ಪಕ್ಕದಲ್ಲಿಯೂ ತೂತು ಹೊಡೆಯಿರಿ. ತೂತುಬಿದ್ದ ಡಬ್ಬಿಯಲ್ಲಿ ಯಾರೂ ಮಜ್ಜಿಗೆ ಒಯ್ಯಲಾರರು! ನನ್ನ ಮಟ್ಟಿಗೆ ಈ ಲೇಖನದಲ್ಲಿ ಹೇಳುತ್ತಿರುವ ಕೆಲಸಗಳಲ್ಲೆಲ್ಲ ಇದೇ ದೊಡ್ಡದು. ತಗಲುವುದು ಒಂದು ನಿಮಿಷ.

ಖಾಲಿ ಡಬ್ಬಿಗಳನ್ನು ಮತ್ತೆ ಬಳಸದಂತೆ ಒಡೆದು, ವಾಸಸ್ಥಳದಿಂದ ದೂರದಲ್ಲಿ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿವೆ. ಬಾವಿ, ಕೊಳವೆಬಾವಿ, ಹಳ್ಳಗಳಿಗೂ ದೂರವಾದ ಜಾಗವನ್ನೇ ಆರಿಸಬೇಕು. ಮಾರಿದ ಅಂಗಡಿಯವರು ಖಾಲಿ ಡಬ್ಬಿಗಳನ್ನು ಹಿಂದಕ್ಕೆ ಪಡೆಯುವರೇ ಎಂದು ಮೊದಲು ವಿಚಾರಿಸುವುದು ಒಳ್ಳೆಯದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಕೇಳಬಹುದು. ಒಲೆಗಾಗಲಿ ಬೆಂಕಿಗಾಗಲಿ ಹಾಕಬೇಡಿ, ಆ ಹೊಗೆಯೇ ವಿಷ. ಬೀದಿಯಲ್ಲಿ ಬರುವ ಗುಜರಿಯವನಿಗೂ ಕೊಡಬೇಡಿ. ಈರುಳ್ಳಿಗೋ ಹೊಸ ಪ್ಲಾಸ್ಟಿಕ್ ಬುಟ್ಟಿಗೋ ಕೊಟ್ಟ ಡಬ್ಬಿ ಮುಂದಿನ ಸಂತೆಯಲ್ಲಿ ತೊಳೆದ ಡಬ್ಬಿಯಾಗಿ ಮತ್ತೊಬ್ಬ ತಾಯಿಯ ಕೈಸೇರುತ್ತದೆ.

ಸಂತೆಯ ಮಾತು ಬಂದಿತಾದ್ದರಿಂದ ನೀಲಿ ಡ್ರಮ್ಮುಗಳ ವಿಷಯವನ್ನೂ ಹೇಳಬೇಕು. ನಲ್ಲಿಗೆ ವಾರಕ್ಕೊಮ್ಮೆ ನೀರು ಬರುವ ಊರುಗಳಲ್ಲಿ ಇನ್ನೂರು ಲೀಟರಿನ ಹಳೆಯ ಡ್ರಮ್ಮಿಗೆ ಬಹಳ ಬೇಡಿಕೆ. ಕಾರ್ಖಾನೆಯಲ್ಲಿ ಏನು ತುಂಬಿತ್ತೆಂಬುದು ಮಾರುವವನಿಗೂ ತಿಳಿದಿರುವುದಿಲ್ಲ. ಚೀಟಿಯನ್ನು ಕೆರೆದು ತೆಗೆದಿದ್ದರೆ ಅದನ್ನು ಕುಡಿಯುವ ನೀರಿಗೆ ಕೊಳ್ಳಲೇಬೇಡಿ. ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುವುದನ್ನು ತೋರಿಸಿ, ಇದು ನೀರಿಗೆ ಯೋಗ್ಯವಾದ ಪ್ಲಾಸ್ಟಿಕ್ಕೆಂದು ಕೆಲವರು ಹೇಳುವುದುಂಟು. ಆ ಅಂಕಿ ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ ತಿಳಿಸುತ್ತದೆ. ಒಳಗೆ ಏನಿತ್ತೆಂಬುದನ್ನು ಅದು ಹೇಳಲಾರದು. ಆಹಾರಪದಾರ್ಥವನ್ನೇ ತುಂಬಿ ಬಂದಿತ್ತೆಂದು ಖಚಿತವಾಗಿ ತಿಳಿದಿದ್ದರೆ ಮಾತ್ರ ನೀರಿಗೆ ಬಳಸಬಹುದು.

ಎಲ್ಲ ಡಬ್ಬಿ ಬಕೆಟ್ಟುಗಳನ್ನೂ ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಗೋಡೆಗೆ ಬಳಿಯುವ ನೀರಿನ ಬಣ್ಣದ ದೊಡ್ಡ ಬಕೆಟ್ಟುಗಳು ಗಟ್ಟಿಯಾಗಿರುತ್ತವೆ; ಅವನ್ನು ಶುಚಿಮಾಡಿ ನೆಲ ಒರೆಸಲು, ಸಗಣಿ ಎತ್ತಲು, ಹೂಗಿಡಗಳಿಗೆ ನೀರು ಹೊರಲು ಬಳಸಬಹುದು. ಒಣಗಿದ ಬಣ್ಣದ ಹೆಕ್ಕಳಿಕೆಯನ್ನು ಮೊದಲು ನೀರು ಚಿಮುಕಿಸಿ ಒದ್ದೆಮಾಡಿ ಕೆರೆದು, ಕಾಗದದಲ್ಲಿ ಕಟ್ಟಿ ಕಸಕ್ಕೆ ಹಾಕಿರಿ. ಒಣಗಿದ್ದಂತೆಯೇ ಕೆರೆದರೆ ಪುಡಿ ಹಾರಿ ಉಸಿರಿನೊಂದಿಗೆ ಒಳಹೋಗುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣಕ್ಕೆ ಸರ್ಕಾರದ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಕೆಟ್ಟಾದರೆ ಮಕ್ಕಳ ಕೈಗೆ ಕೊಡದಿರುವುದೇ ಲೇಸು, ಏಕೆಂದರೆ ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಕೆರೆದ ಮೇಲೆ ಉಗುರುಬೆಚ್ಚಗಿನ ಸಾಬೂನು ನೀರಿನಿಂದ ಮೂರು ಬಾರಿ ಉಜ್ಜಿ, ಕಿವಿಯ ಸಂದು ಮತ್ತು ಅಂಚಿನ ಮಡಿಕೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಣಗಿಸಬೇಕು. ಇಷ್ಟಾದರೂ ಕುಡಿಯುವ ನೀರಿಗೆ, ಹಿಟ್ಟು ನೆನೆಸಲು, ಕೂಸಿಗೆ ಎರೆಯುವ ಬಿಸಿನೀರಿಗೆ ಅದು ಸಲ್ಲದು. ಎಣ್ಣೆಬಣ್ಣ, ತಿನ್ನರ್, ಎಂಜಿನ್ ಎಣ್ಣೆಗಳ ಡಬ್ಬಿಗಳು ಮೊಳೆ, ಸಲಕರಣೆ ಇಡಲು ಸಾಕು.

ಬಟ್ಟೆ ತೊಳೆಯುವ ಸೋಪಿನ ದ್ರಾವಣ ಬಂದ ಡಬ್ಬಿಯನ್ನು ನೊರೆ ನಿಲ್ಲುವವರೆಗೆ ತೊಳೆದು ಬಚ್ಚಲಿನ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಬ್ಲೀಚಿಂಗ್ ಪುಡಿಯ ಬಕೆಟ್ಟನ್ನು ಬಯಲಿನಲ್ಲಿ ಬರಿಯ ನೀರಿನಿಂದಲೇ ತೊಳೆಯಬೇಕು. ಕಲೆ ಹೋಗಲೆಂದು ಪಾಯಖಾನೆ ತೊಳೆಯುವ ಆಸಿಡ್ಡನ್ನು ಅದರಲ್ಲಿ ಹಾಕಿದರೆ ಕ್ಲೋರಿನ್ ಅನಿಲ ಎದ್ದು ಕಣ್ಣು ಗಂಟಲುಗಳನ್ನು ಸುಡುತ್ತದೆ. ಬಾಗಿಲು ಮುಚ್ಚಿದ ಬಚ್ಚಲಾದರೆ ಪ್ರಾಣಕ್ಕೂ ಅಪಾಯ. ಆಸಿಡ್ಡಿನ ಡಬ್ಬಿ, ಬ್ಯಾಟರಿಯ ಆಮ್ಲದ ಡಬ್ಬಿ ಯಾವ ಕೆಲಸಕ್ಕೂ ಬೇಡ. ಗೊಬ್ಬರದ ಚೀಲಗಳನ್ನು ಒಗೆದು ಬಣವೆಗೆ ಹೊದಿಸಲು ಬಳಸಬಹುದು, ಆದರೆ ತಿನ್ನುವ ಕಾಳು ತುಂಬಬಾರದು. ವಿಷ ಸವರಿ ಬಣ್ಣ ಹಚ್ಚಿದ ಬಿತ್ತನೆ ಬೀಜದ ಚೀಲವನ್ನಂತೂ ಒಗೆದೂ ಬಳಸಬಾರದು. ಉಳಿದ ಬೀಜವನ್ನು ಕೋಳಿಗೂ ಹಾಕಬಾರದು.

ಮನೆಯ ಪಾತ್ರೆಯನ್ನು ವಿಷಕ್ಕೆ ಬಳಸುವುದೂ ಇಷ್ಟೇ ಕೆಟ್ಟದ್ದು. ನೆರೆಯವರು ಸ್ವಲ್ಪ ಕಳೆನಾಶಕ ಕೇಳಿದರೆಂದು ತಂಪು ಪಾನೀಯದ ಶೀಷೆಯಲ್ಲಿ ಬಗ್ಗಿಸಿಕೊಡುವುದುಂಟು. ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಒಂದೆರಡು ಗುಟುಕು ಹೊಟ್ಟೆಗೆ ಹೋದರೂ ಸಾವು ಸಂಭವಿಸಬಹುದು, ಅದಕ್ಕೆ ಪ್ರತಿವಿಷವಿಲ್ಲ. ಬಾಯಾರಿ ಬಂದ ಮಗುವಿಗೆ ಶೀಷೆ ಕಾಣುತ್ತದೆಯೇ ಹೊರತು ಒಳಗಿನದು ಕಾಣದು. ಸಿಂಪರಣೆಗೆ ದ್ರಾವಣ ಬೆರೆಸುವ ಬಕೆಟ್ಟು, ಅಳತೆಯ ಲೋಟ, ಕಲಕುವ ಕೋಲುಗಳನ್ನು ಬೇರೆಯಾಗಿಯೇ ಇರಿಸಿ, ಬಕೆಟ್ಟಿನ ಹೊರಗೆ ಕೆಂಪು ಬಣ್ಣದ ದಪ್ಪ ಪಟ್ಟಿ ಬಳಿಯಿರಿ. ಕೆಂಪು ಪಟ್ಟಿಯ ಬಕೆಟ್ಟನ್ನು ಮುಟ್ಟಬಾರದೆಂದು ಮನೆಯ ಮಗುವಿಗೂ ಅಜ್ಜಿಗೂ ಹೇಳಿಡಿ.

ಗೃಹಸ್ಥರಲ್ಲಿ ಒಂದು ವಿನಂತಿ. ಸಿಂಪಡಿಸಿ ಬಂದ ದಿನ ಏನು ಸಿಂಪಡಿಸಿದಿರಿ, ಡಬ್ಬಿ ಎಲ್ಲಿದೆ ಎಂಬುದನ್ನು ಮನೆಯಾಕೆಗೆ ತಿಳಿಸಿರಿ. ಆ ದಿನದ ಬಟ್ಟೆಗಳನ್ನು ಬೇರೆ ಬಟ್ಟೆಗಳೊಂದಿಗೆ ಹಾಕದೆ ತಾವೇ ಬೇರೆ ಬಕೆಟ್ಟಿನಲ್ಲಿ ನೆನೆಸಿ ಒಗೆದುಕೊಂಡರೆ ಗೌರವಕ್ಕೇನೂ ಕುಂದಿಲ್ಲ. ಮನೆಯಲ್ಲಿ ಬಸುರಿ, ಬಾಣಂತಿಯರಿದ್ದರೆ ಆ ಬಟ್ಟೆಯನ್ನಾಗಲಿ ಡಬ್ಬಿಯನ್ನಾಗಲಿ ಅವರ ಕೈಯಲ್ಲಿ ತೊಳೆಸಲೇಕೂಡದು. ಈ ವಿಷಗಳಲ್ಲಿ ಹಲವು ಚರ್ಮದ ಮೂಲಕವೂ ಮೈಸೇರುತ್ತವೆ. ಗೃಹಿಣಿಯರೂ ಅಷ್ಟೇ, ಹಿತ್ತಲಲ್ಲಿ ಹೊಸದೊಂದು ಡಬ್ಬಿ ಕಂಡರೆ ಅದನ್ನು ತೊಳೆಯುವ ಮೊದಲು ಇದರಲ್ಲಿ ಏನಿತ್ತೆಂದು ಕೇಳಿರಿ. ಉತ್ತರ ದೊರೆಯದಿದ್ದರೆ ಅದನ್ನು ಮುಟ್ಟದಿರುವುದೇ ಸರಿ.

ಇಷ್ಟಾಗಿಯೂ ವಿಷ ತಗುಲಿದರೆ ಗಾಬರಿಯಾಗದೆ 108ಕ್ಕೆ ಕರೆಮಾಡಿರಿ. ಜೊಲ್ಲು, ಬೆವರು, ವಾಂತಿ, ಭೇದಿ, ಕಣ್ಣೀರು, ಕುಗ್ಗಿದ ಪಾಪೆ, ಮಾಂಸಖಂಡಗಳ ಅದುರುವಿಕೆ, ಉಸಿರಾಟದ ಕಷ್ಟ ಇವು ಲಕ್ಷಣಗಳು. ಕೆಲವೊಮ್ಮೆ ಇವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ಆದುದರಿಂದ ಮಗು ಆಡುತ್ತಿದೆಯೆಂದು ಕಾಯುತ್ತ ಕೂರಬೇಡಿ. ಉಪ್ಪುನೀರು, ಹುಣಿಸೆಹಣ್ಣಿನ ನೀರು, ಎಣ್ಣೆ ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡಿ. ವಾಂತಿಯು ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲಬಹುದು. ಹಾಲು ಕುಡಿಸುವುದೂ ಬೇಡ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮಗುವಿನ ಬಟ್ಟೆ ಬಿಚ್ಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, ಎಡಮಗ್ಗುಲಿಗೆ ಮಲಗಿಸಿರಿ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಸುರಿಯುತ್ತಿರಬೇಕು. ವಾಹನ ಬರುವುದು ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲಿ ಹೊರಡಿರಿ. ಹೊರಡುವಾಗ ಆ ಡಬ್ಬಿಯನ್ನು, ಅದರ ಮೇಲೆ ಚೀಟಿಯ ಚೂರು ಉಳಿದಿದ್ದರೂ ಸಹ, ಒಂದು ಚೀಲದಲ್ಲಿ ಕಟ್ಟಿಕೊಂಡು ಜೊತೆಯಲ್ಲಿ ತನ್ನಿರಿ. ಯಾವ ವಿಷವೆಂದು ತಿಳಿದರೆ ಯಾವ ಔಷಧ ಕೊಡಬೇಕೆಂಬುದು ವೈದ್ಯರಿಗೆ ಬೇಗನೆ ತಿಳಿಯುತ್ತದೆ.